ನಮ್ಮ ದುರ್ಗದ ಕಡೆಯ ಯೋಗದ ಮೇಷ್ಟ್ರು: ತಿರುಮಲೈ ಕೃಷ್ಣಮಾಚಾರ್ಯ

ಈ ಬರಹಕ್ಕೆ ಕಾರಣ ಕೆ.ಬಿ. ಬಡಾವಣೆಯ ನಮ್ಮ ಮನೆಯ ಅಡುಗೆಮನೆ. ನನ್ನ ಮೂರನೇ ಸೆಮ್ ನಡೀತಿದ್ದಾಗ ಅಮ್ಮನಿಗೆ ಮೈಕೈ ನೋವು ಶುರುವಾಯ್ತು. ಶುರುವಾಯ್ತು ಅನ್ನೋದೂ ಪೂರ್ತಿ ಸರಿಯಲ್ಲ. ಮೊದಲಿಂದಲೂ ಇತ್ತು, ನಾವು ಗಮನಿಸಿದ್ದು ಆಗ. ಭುಜ, ಕುತ್ತಿಗೆ, ಸೊಂಟ, ಮೊಣಕೈ, ಇವತ್ತು ಇಲ್ಲಿ ನಾಳೆ ಅಲ್ಲಿ. ರಾತ್ರಿ ಎಂಟು ತಾಸು ಮಲಗಿ ಎದ್ದರೂ ಮಲಗೇ ಇಲ್ಲವೇನೋ ಅನ್ನುವ ಮುಖ. ಗ್ಯಾಸ್ ಮೇಲೆ ಹಾಲಿಟ್ಟು ಯಾಕಿಟ್ಟೆ ಅಂತ ಮರೆತು ನಿಲ್ಲೋದು. ರಕ್ತ ಪರೀಕ್ಷೆ ಆಯ್ತು, ಎಕ್ಸ್‌ರೇ ಆಯ್ತು, ಥೈರಾಯ್ಡ್ ಆಯ್ತು, ಎಲ್ಲಾ ನಾರ್ಮಲ್. ರಿಪೋರ್ಟ್ ನಾರ್ಮಲ್ ಬಂದರೆ ನಾವು ಖುಷಿಪಡ್ತೀವಿ, ಅಮ್ಮ ಮಾತ್ರ ಅತ್ತಳು. ನೋವು ನಿಜ ಅಂತ ತೋರಿಸೋಕೆ ಅವಳ ಹತ್ತಿರ ಒಂದು ಕಾಗದವೂ ಉಳಿಯಲಿಲ್ಲವಲ್ಲ. ನೆಂಟರು ಬಂದವರೆಲ್ಲ ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ಅಷ್ಟೇ ಅಂತ ಹೇಳಿ ಕಾಫಿ ಕುಡಿದು ಹೋದರು.

ಕೊನೆಗೆ ಒಬ್ಬ ಡಾಕ್ಟರ್ ಚೀಟಿ ಮೇಲೆ ಫೈಬ್ರೊಮಯಾಲ್ಜಿಯಾ ಅಂತ ಬರೆದರು. ಅವರು ವಿವರಿಸಿದ್ದನ್ನು ನಾನು ನನ್ನ ಭಾಷೆಗೆ ಹೀಗೆ ಇಳಿಸಿಕೊಂಡೆ: ಸೆನ್ಸರ್ ಸರಿ ಇದೆ, ವೈರಿಂಗ್ ಕೂಡ ತುಂಡಾಗಿಲ್ಲ, ಆದರೆ ಆಂಪ್ಲಿಫೈಯರ್‌ನ ಗೇನ್ ಎಲ್ಲೋ ಏರಿ ಕೂತಿದೆ. ಸಣ್ಣ ಸಿಗ್ನಲ್ ಕೂಡ ಮಿದುಳಿಗೆ ದೊಡ್ಡ ನೋವಾಗಿ ತಲುಪುತ್ತದೆ. ಒಂದು ಮಾತ್ರೆ ಬರೆದರು. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ದಿನಾ ನಡಿಗೆ, ನಿಧಾನದ ವ್ಯಾಯಾಮ, ಹೊತ್ತಿಗೆ ಸರಿಯಾಗಿ ನಿದ್ದೆ ಅಂತಲೂ ಬರೆದರು. ಮಾತ್ರೆಗಿಂತ ಕೆಳಗಿನದ್ದೇ ಹೆಚ್ಚು ದಿನ ಜೊತೆಗಿರಬೇಕಾದದ್ದು ಅಂದರು.

ಅಮ್ಮ ಪಕ್ಕದ ಮನೆ ಆಂಟಿ ಜೊತೆ ಒಂದು ಯೋಗ ಕ್ಲಾಸಿಗೆ ಸೇರಿದಳು. ಮೊದಲ ದಿನವೇ ಒಂದರ ಹಿಂದೆ ಒಂದು, ಬಗ್ಗು, ಹಾರು, ಏಳು. ಮನೆಗೆ ಬಂದವಳು ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ಎರಡು ತಿಂಗಳ ನಂತರ, ಬಹಳ ಒತ್ತಾಯದ ಮೇಲೆ, ಇನ್ನೊಬ್ಬ ಟೀಚರ್ ಹತ್ತಿರ ಹೋದಳು. ಅವರು ಕುರ್ಚಿ ಮೇಲೆ ಕೂರಿಸಿ, ಉಸಿರು ಎಳೆಯುತ್ತಾ ಕೈ ಎತ್ತಿ, ಬಿಡುತ್ತಾ ಇಳಿಸಿ ಅಂದರು. ಅಷ್ಟೇ. ಆರು ಸಲ. ಮನೆಗೆ ಕಳಿಸಿಬಿಟ್ಟರು.

ಎರಡಕ್ಕೂ ಯೋಗ ಅಂತಲೇ ಹೆಸರು. ಇವೆರಡರ ಮೂಲ ಎಲ್ಲಿ ಅಂತ ಹುಡುಕುತ್ತಾ ಹೋದರೆ ಎರಡೂ ದಾರಿ ಒಬ್ಬರೇ ಮನುಷ್ಯರ ಹತ್ತಿರ ಹೋಗಿ ನಿಂತವು. ಅವರು ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. 1997ರವರೆಗೆ ನಮ್ಮ ದಾವಣಗೆರೆಯೂ ಅದೇ ಜಿಲ್ಲೆಯಲ್ಲಿ ಇತ್ತು ಅನ್ನೋದು ನೆನಪಿದ್ದರೆ, ನಮ್ಮ ಜಿಲ್ಲೆಯವರೇ ಅಂತ ಹೇಳಿಕೊಳ್ಳೋಕೆ ಅಡ್ಡಿಯಿಲ್ಲ. ಅವರ ಹೆಸರು ತಿರುಮಲೈ ಕೃಷ್ಣಮಾಚಾರ್ಯ.

ಹುಟ್ಟಿದ್ದು 1888ರ ನವೆಂಬರ್ 18ರಂದು, ಮುಚುಕುಂದಪುರ ಅನ್ನುವ ಹಳ್ಳಿಯಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯ ವೇದ ಪಾಠ ಹೇಳುತ್ತಿದ್ದವರು, ತಾಯಿ ರಂಗನಾಯಕಮ್ಮ. ಆರು ಮಕ್ಕಳಲ್ಲಿ ಇವರೇ ಹಿರಿಯರು. ಐದನೇ ವಯಸ್ಸಿಗೇ ತಂದೆ ಸಂಸ್ಕೃತ, ಒಂದಿಷ್ಟು ಆಸನ, ಪ್ರಾಣಾಯಾಮ ಹೇಳಿಕೊಡೋಕೆ ಶುರುಮಾಡಿದ್ದರು. ಹುಡುಗನಿಗೆ ಹತ್ತು ವರ್ಷ ಆಗುವಷ್ಟರಲ್ಲಿ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಹೋಯ್ತು, ಅಲ್ಲಿನ ಪರಕಾಲ ಮಠದ ಪೀಠದಲ್ಲಿ ಇವರ ಮುತ್ತಜ್ಜ ಇದ್ದರು. ಮಠದ ಪಾಠ, ಚಾಮರಾಜ ಸಂಸ್ಕೃತ ಪಾಠಶಾಲೆಯ ಪಾಠ, ವ್ಯಾಕರಣ, ತರ್ಕ, ವೇದಾಂತ. ನಾವು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗ್‌ಗೆ ಕಾಯುವ ವಯಸ್ಸಿಗೆ, ಅಂದರೆ ಹದಿನೆಂಟಕ್ಕೆ, 1906ರಲ್ಲಿ, ಕಾಶಿಗೆ ಹೊರಟರು.

ಕಾಶಿಯಲ್ಲಿ ಓದಿದ್ದು, ಮೈಸೂರಿಗೆ ವಾಪಸ್ ಬಂದದ್ದು, 1914ರಲ್ಲಿ ಮತ್ತೆ ಕಾಶಿಗೆ ಹೋದದ್ದು, ಪಾಟ್ನಾದಲ್ಲಿ ಓದಿದ್ದು, ಇದೆಲ್ಲ ಒಂದು ಉದ್ದದ ಪಟ್ಟಿ. ಪದವಿಗಳ ಸಾಲು ನೋಡಿದರೆ ನಮ್ಮ ಪ್ಲೇಸ್‌ಮೆಂಟ್ ರೆಸ್ಯೂಮೆಗಳು ನಾಚಬೇಕು. ಭಾರತದ ಷಡ್ದರ್ಶನಗಳನ್ನೂ ಓದಿದವರು. ಹಣ ಇರಲಿಲ್ಲ. ಏಳು ಮನೆಯಲ್ಲಿ ಭಿಕ್ಷೆ ಬೇಡಿ, ಸಿಕ್ಕ ಹಿಟ್ಟನ್ನು ಕಲಸಿ ರೊಟ್ಟಿ ಮಾಡಿಕೊಂಡು ತಿಂದು ಓದಿದರು ಅಂತ ಅವರ ಮನೆಯವರು ಹೇಳಿದ್ದಾರೆ.

ಆಮೇಲೆ ಬರುವುದು ಹಿಮಾಲಯದ ಅಧ್ಯಾಯ. ಮಾನಸ ಸರೋವರದ ಹತ್ತಿರ ಗುಹೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ ರಾಮಮೋಹನ ಬ್ರಹ್ಮಚಾರಿ ಎಂಬ ಗುರುಗಳ ಹತ್ತಿರ ಏಳೂವರೆ ವರ್ಷ ಇದ್ದು ಯೋಗ ಕಲಿತರು, ಉಸಿರಿನಿಂದ ರೋಗ ಗುಣಪಡಿಸುವುದನ್ನೂ ಅಲ್ಲೇ ಕಲಿತರು, ಗುರುದಕ್ಷಿಣೆಯಾಗಿ ಗುರು ಕೇಳಿದ್ದು ಮದುವೆಯಾಗಿ ಸಂಸಾರಿಯಾಗಿ ಯೋಗ ಕಲಿಸು ಅನ್ನುವುದಷ್ಟೇ. ಇದಿಷ್ಟೂ ಕೃಷ್ಣಮಾಚಾರ್ಯರೇ ಮಕ್ಕಳಿಗೆ, ಶಿಷ್ಯರಿಗೆ ಹೇಳಿದ ಕತೆ. ಬೇರೆ ಸಾಕ್ಷಿ ಇಲ್ಲದ್ದರಿಂದ ಸಂಶೋಧಕರು ಇಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಡುತ್ತಾರೆ. ಯೋಗ ಕೊರುಂಟ ಎಂಬ ಹಳೇ ಗ್ರಂಥದಿಂದ ಆಸನಗಳ ಕ್ರಮ ಸಿಕ್ಕಿತು, ಆ ಗ್ರಂಥವನ್ನು ಇರುವೆಗಳು ತಿಂದುಹಾಕಿದವು ಅಂತ ಇನ್ನೊಂದು ಕತೆ ಇದೆ. ಲ್ಯಾಬ್ ರೆಕಾರ್ಡ್ ನಾಯಿ ತಿಂದಿತು ಅನ್ನುವ ನಮ್ಮ ನೆಪ ನೆನಪಾಗಿ ನಗು ಬಂತು ಅಂತ ಒಪ್ಪಿಕೊಳ್ತೀನಿ. ಆದರೆ ಮುಂದೆ ಅವರು ಮೈಸೂರಲ್ಲಿ ಮಾಡಿದ್ದಕ್ಕೆ ಕಣ್ಣಾರೆ ಕಂಡವರ ಸಾಕ್ಷಿ ಬೇಕಾದಷ್ಟಿದೆ.

1925ರಲ್ಲಿ ಮದುವೆ ಆಯ್ತು. ಹುಡುಗಿ ನಾಮಗಿರಿಯಮ್ಮ, ಕೋಲಾರದ ಕಡೆಯ ಬೆಳ್ಳೂರಿನ ಮನೆತನದವರು. ಕಾಶಿ ಪಂಡಿತ, ದರ್ಶನಗಳ ವಿದ್ವಾಂಸ, ಆದರೆ ಯೋಗ ಕಲಿಸುವುದರಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಲ್ವಿಚಾರಕನ ಕೆಲಸಕ್ಕೆ ಸೇರಿದರು. ಅರ್ಧ ಚಡ್ಡಿ, ಅರ್ಧ ತೋಳಿನ ಅಂಗಿ, ಬೂಟು, ತಲೆ ಮೇಲೆ ಹ್ಯಾಟು, ಕೈಯಲ್ಲಿ ಕೋಲು. ಉಟ್ಟುಕೊಳ್ಳೋಕೆ ಬಟ್ಟೆ ಇಲ್ಲದೆ ಹೆಂಡತಿಯ ಸೀರೆಯ ತುಂಡು ಹರಿದು ಕೌಪೀನ ಹೊಲಿದುಕೊಂಡ ದಿನಗಳೂ ಇದ್ದವಂತೆ. ಓದಿದ್ದಕ್ಕೂ ಮಾಡುವ ಕೆಲಸಕ್ಕೂ ಸಂಬಂಧ ಇಲ್ಲದಿರುವುದು ನಮ್ಮ ಬ್ಯಾಚಿನ ಸಮಸ್ಯೆ ಮಾತ್ರ ಅಂದುಕೊಂಡಿದ್ದೆ.

ರಜಾ ದಿನ ಊರೂರಿಗೆ ಹೋಗಿ ಉಪನ್ಯಾಸ, ಪ್ರಾತ್ಯಕ್ಷಿಕೆ. ಜನ ಸೇರಬೇಕಲ್ಲ, ಅದಕ್ಕೆ ಬರಿಗೈಲಿ ಕಾರು ನಿಲ್ಲಿಸುವುದು, ಹಲ್ಲಿನಲ್ಲಿ ಭಾರ ಎತ್ತುವುದು, ನಾಡಿ ನಿಲ್ಲಿಸಿ ತೋರಿಸುವುದು. 1927ರಲ್ಲಿ ಹಾಸನದಲ್ಲಿ ಹೀಗೊಂದು ಪ್ರದರ್ಶನ ನೋಡಿದ ಹನ್ನೆರಡು ವರ್ಷದ ಹುಡುಗನೊಬ್ಬ ಮಾರನೇ ದಿನವೇ ಮನೆ ಬಾಗಿಲಿಗೆ ಹೋಗಿ ಕಲಿಸಿ ಅಂತ ಕೇಳಿದ. ಕೌಶಿಕ ಎಂಬ ಹಳ್ಳಿಯ ಆ ಹುಡುಗ ಮುಂದೆ ಕೆ. ಪಟ್ಟಾಭಿ ಜೋಯಿಸ್ ಅಂತ ಹೆಸರಾದರು. ಇವತ್ತು ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ಬೆವರು ಸುರಿಸಿ ಮಾಡುವ ಅಷ್ಟಾಂಗ ವಿನ್ಯಾಸ ಯೋಗ ಹೊರಟಿದ್ದು ಅವರ ಮೈಸೂರಿನ ಮನೆಯಿಂದ.

1931ರ ಹೊತ್ತಿಗೆ ಇವರ ಸುದ್ದಿ ನಾಲ್ವಡಿ ಕೃಷ್ಣರಾಜ ಒಡೆಯರ ಕಿವಿಗೆ ಬಿತ್ತು. ಮಹಾರಾಜರಿಗೆ ಮಧುಮೇಹ ಇತ್ತು, ಆರೋಗ್ಯ ಅಷ್ಟಕ್ಕಷ್ಟೇ. ಇವರ ಪಾಠದಿಂದ ಅವರಿಗೆ ಹಗುರಾಯಿತು ಅಂತ ಶಿಷ್ಯರು ಹೇಳುತ್ತಾರೆ. ಮೊದಲು ಸಂಸ್ಕೃತ ಕಾಲೇಜಿನಲ್ಲಿ ಕೆಲಸ, ನಂತರ 1933ರಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ. ಮೈಸೂರಿಗೆ ಹೋದಾಗ ನಾವೆಲ್ಲ ರವಿವರ್ಮನ ಚಿತ್ರ ನೋಡೋಕೆ ಹೋಗುವ ಅದೇ ಜಗನ್ಮೋಹನ. ಇಲ್ಲಿದ್ದಾಗಲೇ 1934ರಲ್ಲಿ ಯೋಗ ಮಕರಂದ ಬರೆದರು, 1941ರಲ್ಲಿ ಯೋಗಾಸನಗಳು ಬಂತು. ಎರಡೂ ಕನ್ನಡದಲ್ಲಿ. ಇವತ್ತು ಬೇರೆ ದೇಶದವರು ಇಂಗ್ಲಿಷ್ ಅನುವಾದದಲ್ಲಿ ಹುಡುಕಿ ಓದುವ ಪುಸ್ತಕ ನಮ್ಮ ಭಾಷೆಯಲ್ಲಿ ಮೂಲವಾಗಿ ಇದೆ ಅನ್ನೋದು ಕನ್ನಡ ಸಂಘದ ಪತ್ರಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳೋದು?

ಯೋಗಶಾಲೆಯ ಕ್ಲಾಸಿನಲ್ಲಿ ಹೆಚ್ಚಿನವರು ಹುಡುಗರು, ಅರಮನೆಯ ಸಂಬಂಧದವರು, ಪಾಠಶಾಲೆಯ ಹುಡುಗರು. ಗಟ್ಟಿ ಮೈ, ರಬ್ಬರಿನಂಥ ಕೀಲು. ಅವರಿಗೆ ಕಲಿಸಿದ್ದು ಓಟದ ಯೋಗ: ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಲೆಕ್ಕದಲ್ಲಿ ಹಾರಿ ಹೋಗುವುದು. ಅರಮನೆಯಲ್ಲಿ ಮೊದಲಿಂದ ಇದ್ದ ವ್ಯಾಯಾಮದ ಪರಂಪರೆಯೂ ಇದರಲ್ಲಿ ಬೆರೆತಿದೆ ಅಂತ ಎನ್.ಇ. ಶೋಮನ್ ಎಂಬ ವಿದ್ವಾಂಸರು ಮೈಸೂರು ಅರಮನೆಯ ಯೋಗದ ಬಗ್ಗೆ 1996ರ ಪುಸ್ತಕದಲ್ಲಿ ವಾದಿಸಿದ್ದಾರೆ. ಮೇಷ್ಟ್ರು ಭಾರೀ ಸಿಟ್ಟಿನವರು. ಎದುರು ಬಂದರೆ ಜನ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು ಅನ್ನುವಷ್ಟು.

ಆ ಸಿಟ್ಟಿನ ಬಿಸಿ ಹೆಚ್ಚು ತಾಗಿದ್ದು ಅವರ ಭಾಮೈದನಿಗೆ. ನಾಮಗಿರಿಯಮ್ಮನವರ ತಮ್ಮ ಸುಂದರರಾಜ 1934ರಲ್ಲಿ ಮೈಸೂರಿಗೆ ಬಂದಾಗ ಹದಿನಾರರ ಹತ್ತಿರದ ವಯಸ್ಸು. ಹುಟ್ಟಿನಿಂದ ರೋಗಿಷ್ಠ. ಇನ್‌ಫ್ಲುಯೆಂಜಾ, ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವೂ ಆಗಿಹೋಗಿದ್ದವು. ಭಾವ ಮೊದಲು ಅವನಿಗೆ ಮನೆಗೆಲಸ ಬಿಟ್ಟು ಬೇರೇನೂ ಕಲಿಸಲಿಲ್ಲ, ಈ ಮೈಗೆ ಯೋಗ ಹತ್ತುವುದಿಲ್ಲ ಅಂದುಕೊಂಡಿದ್ದರು. ಅಚ್ಚುಮೆಚ್ಚಿನ ಶಿಷ್ಯನೊಬ್ಬ ಹೇಳದೆ ಕೇಳದೆ ಬಿಟ್ಟುಹೋದ ಮೇಲೆ, ಪ್ರದರ್ಶನಕ್ಕೆ ಹುಡುಗರು ಬೇಕಾಗಿ, ಅವಸರದಲ್ಲಿ ಇವನನ್ನು ತಯಾರು ಮಾಡಿದರು. ಒಂದು ಸಲ ದೊಡ್ಡವರ ಮುಂದೆ ಹನುಮಾನಾಸನ ಮಾಡು ಅಂತ ಅಪ್ಪಣೆಯಾಯ್ತು. ಒಂದು ಕಾಲು ನೇರ ಮುಂದೆ, ಒಂದು ಕಾಲು ನೇರ ಹಿಂದೆ ಚಾಚಿ ನೆಲಕ್ಕೆ ಕೂರುವುದು. ಹುಡುಗ ಅದನ್ನು ಕಲಿತೇ ಇರಲಿಲ್ಲ. ಇಲ್ಲ ಅನ್ನೋಕೆ ಧೈರ್ಯ ಇಲ್ಲ. ಮಾಡಿದ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು, ಬಹಳ ಕಾಲ ಸರಿಯಾಗಿ ನಡೆಯೋಕೆ ಆಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು ಅನ್ನಿಸುತ್ತೆ. ಎರಡನೇ ವರ್ಷದಲ್ಲಿ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಗೊತ್ತು, ಎಲ್ಲಾ ಸ್ಯಾಂಪಲ್‌ಗೂ ಒಂದೇ ಲೋಡ್ ಹಾಕಿದರೆ ಕೆಲವು ಮುರೀತವೆ. ಕೃಷ್ಣಮಾಚಾರ್ಯರ ಮೈಸೂರಿನ ದಿನಗಳನ್ನು ಬರೆಯುವ ಭಕ್ತರು ಈ ಪ್ರಸಂಗವನ್ನು ಗುರುವಿನ ಕಠಿಣ ಪ್ರೀತಿ ಅಂತ ತೇಲಿಸಿಬಿಡುತ್ತಾರೆ. ನನಗೆ ಹಾಗೆ ಅನ್ನಿಸಲ್ಲ. ಅಮ್ಮ ಮೂರು ದಿನ ಹಾಸಿಗೆ ಹಿಡಿದದ್ದನ್ನು ನೋಡಿದ ಮೇಲೆ ಅಂತೂ ಇಲ್ಲ. ಅದು ಮೇಷ್ಟ್ರ ತಪ್ಪು.

ಸುಂದರರಾಜ 1937ರಲ್ಲಿ ಪುಣೆಗೆ ಹೋದ. ಅವರೇ ಬಿ.ಕೆ.ಎಸ್. ಅಯ್ಯಂಗಾರ್. ಕಲಿಸಲು ಹೋದ ಊರಲ್ಲಿ ಭಾಷೆ ಬರಲ್ಲ, ತನ್ನ ಮೈ ತನಗೇ ಹಿಡಿತಕ್ಕೆ ಬರಲ್ಲ. ತನ್ನ ನೋವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಬಗ್ಗಲಾಗದವರಿಗೆ ಮರದ ತುಂಡು, ಹಗ್ಗ, ಕಂಬಳಿ, ಕುರ್ಚಿ, ದಿಂಬು ಹೀಗೆ ಆಸರೆಗಳನ್ನು ಜೋಡಿಸುತ್ತಾ ಹೋದರು. 1952ರಲ್ಲಿ ಬಾಂಬೆಯಲ್ಲಿ ಜಗತ್ಪ್ರಸಿದ್ಧ ಪಿಟೀಲು ವಾದಕ ಯೆಹೂದಿ ಮೆನುಹಿನ್ ಅವರನ್ನು ಕಂಡರು. ಮೆನುಹಿನ್‌ಗೆ ಮೈಯೆಲ್ಲಾ ನೋವು, ದಣಿವು, ನಿದ್ದೆ ಇಲ್ಲ. ಭೇಟಿಗೆ ಕೊಟ್ಟಿದ್ದು ಐದು ನಿಮಿಷ. ಅಯ್ಯಂಗಾರ್ ಮಲಗಿಸಿ ಕಣ್ಣು, ಕಿವಿಯ ಮೇಲೆ ಬೆರಳಿಟ್ಟು ವಿಶ್ರಾಂತಿಗೆ ಇಳಿಸಿದರು, ಮೆನುಹಿನ್ ನಿದ್ದೆ ಹೋದರು. ಐದು ನಿಮಿಷ ತಾಸುಗಳಾಯಿತು. 1966ರಲ್ಲಿ ಅಯ್ಯಂಗಾರರ ಲೈಟ್ ಆನ್ ಯೋಗ ಬಂದಾಗ ಅದಕ್ಕೆ ಮುನ್ನುಡಿ ಬರೆದದ್ದು ಅದೇ ಮೆನುಹಿನ್.

ಮೈಸೂರಿಗೆ ವಾಪಸ್ ಬರೋಣ. ಹೆಂಗಸರಿಗೆ ಕಲಿಸುವ ವಿಷಯದಲ್ಲಿ ಮೇಷ್ಟ್ರು ಮನೆಯಲ್ಲಿ ಒಂದು ಥರ, ಹೊರಗೆ ಒಂದು ಥರ ಇದ್ದರು. ಹೆಂಡತಿ, ಮಕ್ಕಳಿಗೆ ಕಲಿಸಿದ್ದರು. 1938ರಲ್ಲಿ ತೆಗೆದ ಮೂಕಿ ಚಿತ್ರದಲ್ಲಿ ಅವರೂ ಆಸನ ಮಾಡುವುದು ಕಾಣುತ್ತೆ. ಆದರೆ ಯುರೋಪಿನಿಂದ ಬಂದ ಇಂದ್ರಾ ದೇವಿ ಎಂಬ ಮಹಿಳೆ ಸೇರಿಸಿಕೊಳ್ಳಿ ಅಂದಾಗ ಒಪ್ಪಲಿಲ್ಲ. ಮಹಾರಾಜರೇ ಹೇಳಿದ ಮೇಲೆ ಗೊಣಗುತ್ತಾ ಒಪ್ಪಿ, ಓಡಿಹೋಗಲಿ ಅನ್ನುವಂತೆ ಕಟ್ಟುನಿಟ್ಟಿನ ಊಟ, ವೇಳಾಪಟ್ಟಿ ಹಾಕಿದರು. ಆಕೆ ಓಡಿಹೋಗಲಿಲ್ಲ. ಕಡೆಗೆ ಮೇಷ್ಟ್ರೇ ಕರೆದು ನೀನೂ ಕಲಿಸಬೇಕು ಅಂದರು. ಮುಂದೆ ಇಂದ್ರಾ ದೇವಿ ಹಾಲಿವುಡ್‌ನಲ್ಲಿ ಯೋಗ ಸ್ಟುಡಿಯೋ ತೆರೆದರು, 102 ವರ್ಷ ಬದುಕಿದರು. ಹುಡುಗರಿಗೆ ಹೇಳಿದ ಹಾರಾಟ ಆಕೆಗೆ ಹೇಳಿರಲಿಲ್ಲ ಅನ್ನುವುದು ನನ್ನ ಗಮನ ಸೆಳೆದ ವಿಷಯ. ಮೃದುವಾದ ಚಲನೆ, ಉಸಿರು, ವಿಶ್ರಾಂತಿ. ಅಂದರೆ ಆಗಲೇ ಅವರ ಕೈಲಿ ಎರಡು ಯೋಗ ಇತ್ತು, ಯಾರಿಗೆ ಯಾವುದು ಅನ್ನುವ ಲೆಕ್ಕವೂ ಇತ್ತು.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಸ್ವಾತಂತ್ರ್ಯ ಬಂತು, ಅರಮನೆಯ ಬೊಕ್ಕಸ ಮೊದಲಿನಂತೆ ಇರಲಿಲ್ಲ, ಹುಡುಗರೂ ಕಮ್ಮಿಯಾದರು. 1950ರ ಹೊತ್ತಿಗೆ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ ಮನುಷ್ಯ, ಮನೆ ತುಂಬ ಮಕ್ಕಳು, ಕೆಲಸ ಇಲ್ಲ. ಪಾರ್ಶ್ವವಾಯು ಹೊಡೆದ ಒಬ್ಬ ಹಿರಿಯ ನ್ಯಾಯವಾದಿಗೆ ಚಿಕಿತ್ಸೆ ಮಾಡಲು 1952ರಲ್ಲಿ ಮದರಾಸಿಗೆ ಕರೆ ಬಂತು. ಹೋದವರು ಅಲ್ಲೇ ಉಳಿದರು.

ಮದರಾಸಿನ ಕೃಷ್ಣಮಾಚಾರ್ಯರು ಮೈಸೂರಿನವರಿಗಿಂತ ಬೇರೆಯೇ ಮನುಷ್ಯ. ಎದುರಿಗೆ ಬರುತ್ತಿದ್ದವರು ಈಗ ರಬ್ಬರ್ ಕೀಲಿನ ಹುಡುಗರಲ್ಲ. ಬೆನ್ನು ನೋವಿನವರು, ಉಬ್ಬಸದವರು, ನಿದ್ದೆ ಬಾರದವರು, ಬಾಣಂತಿಯರು, ಮುದುಕರು. ಗುಂಪಿನ ಪಾಠ ನಿಂತಿತು, ಒಬ್ಬೊಬ್ಬರಿಗೆ ಒಂದೊಂದು ಪಾಠ. ಮೊದಲು ನಾಡಿ ಹಿಡಿಯುವುದು. ಏನು ಊಟ, ಏನು ಕೆಲಸ, ಎಷ್ಟು ನಿದ್ದೆ, ಉಸಿರು ಎಲ್ಲಿ ತಡೆಯುತ್ತೆ, ಎಲ್ಲಾ ಕೇಳುವುದು. ಆಮೇಲೆ ಆ ಮನುಷ್ಯನಿಗೆ ಅಂತಲೇ ನಾಲ್ಕೈದು ಚಲನೆ. ನಿಲ್ಲಲಾಗದವರು ಕೂತು, ಕೂರಲಾಗದವರು ಮಲಗಿ. ಉಸಿರು ಎಳೆಯುವಾಗ ಕೈ ಮೇಲೆ, ಬಿಡುವಾಗ ಮೈ ಕೆಳಗೆ. ಆಸನದಲ್ಲಿ ಕಲ್ಲಿನ ಹಾಗೆ ನಿಲ್ಲುವ ಮೊದಲು ಅದರೊಳಗೆ ಹೋಗಿ ಬರುವುದನ್ನು ಕೆಲವು ಸಲ ಮಾಡಿಸುತ್ತಿದ್ದರು. ಉಸಿರು ಒರಟಾದರೆ ಅಲ್ಲಿಗೆ ನಿಲ್ಲಿಸು. ಆಯುರ್ವೇದದ ಔಷಧಿಯನ್ನೂ ಕೊಡುತ್ತಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. ಅವರಿಗೆ ಔಷಧಿ ಬೇಡವೇ ಬೇಡ ಅನ್ನುವ ಹಟ ಇರಲಿಲ್ಲ.

ಈ ಬದಲಾವಣೆ ಜಗತ್ತಿಗೆ ಗೊತ್ತಾಗಿದ್ದು ಒಬ್ಬ ಎಂಜಿನಿಯರ್‌ನಿಂದ. ನಮ್ಮ ಪತ್ರಿಕೆಗೆ ಇವರ ಬಗ್ಗೆ ಬರೆಯಲೇಬೇಕು ಅಂತ ಅನ್ನಿಸಿದ್ದು ಇಲ್ಲೇ. ಅವರ ಮಗ ಟಿ.ಕೆ.ವಿ. ದೇಶಿಕಾಚಾರ್, 1938ರಲ್ಲಿ ಹುಟ್ಟಿದವರು, ಸಿವಿಲ್ ಎಂಜಿನಿಯರಿಂಗ್ ಓದಿದವರು. ಅಪ್ಪನ ಯೋಗ ಅಂದರೆ ಆಗದು. ಚಿಕ್ಕಂದಿನಲ್ಲಿ ಪಾಠ ತಪ್ಪಿಸಿಕೊಳ್ಳೋಕೆ ತೆಂಗಿನ ಮರ ಹತ್ತಿ ಕೂತಿದ್ದರಂತೆ, ಅಪ್ಪ ಇಳಿಸಿ ಬದ್ಧ ಪದ್ಮಾಸನದಲ್ಲಿ ಕೂರಿಸಿ ಕೈಕಾಲು ಕಟ್ಟಿಹಾಕಿದ್ದರಂತೆ. ಯಾರಿಗೆ ಇಷ್ಟ ಆಗುತ್ತೆ ಹೇಳಿ. ಡಿಗ್ರಿ ಮುಗಿಸಿ, 1960ರ ದಶಕದ ಶುರುವಿನಲ್ಲಿ ಮದರಾಸಿನ ಮನೆಯಲ್ಲಿ ಇದ್ದಾಗ, ಒಂದು ಬೆಳಿಗ್ಗೆ ಮನೆ ಮುಂದೆ ಕಾರು ಬಂದು ನಿಂತಿತು. ನ್ಯೂಜಿಲೆಂಡಿನ ಹೆಂಗಸೊಬ್ಬರು ಇಳಿದು, ಓಡಿ ಬಂದು, ಮಡಿಯಲ್ಲಿದ್ದ ವೈಷ್ಣವ ಬ್ರಾಹ್ಮಣ ಅಪ್ಪನನ್ನು ಎಲ್ಲರೆದುರು ತಬ್ಬಿಕೊಂಡು ಕೃತಜ್ಞತೆ ಹೇಳಿದರು. ಮಗನಿಗೆ ಶಾಕ್. ಆಮೇಲೆ ಕೇಳಿದರೆ, ಆಕೆಗೆ ವರ್ಷಾನುಗಟ್ಟಲೆ ನಿದ್ದೆ ಇರಲಿಲ್ಲ, ಹಿಂದಿನ ರಾತ್ರಿ ಮಾತ್ರೆ ಇಲ್ಲದೆ ಮೊದಲ ಸಲ ಮಲಗಿದ್ದರು.

ಇಂಗ್ಲಿಷ್ ಸರಿಯಾಗಿ ಬಾರದ, ಆಧುನಿಕ ವೈದ್ಯ ಓದದ ಅಪ್ಪ ಇದನ್ನು ಹೇಗೆ ಮಾಡಿದರು ಅನ್ನುವ ಪ್ರಶ್ನೆ ಮಗನನ್ನು ಬಿಡಲಿಲ್ಲ. ಎಂಜಿನಿಯರಿಂಗ್ ಕೈಬಿಟ್ಟು ಅಪ್ಪನ ಶಿಷ್ಯನಾದರು. ಅಪ್ಪ ಸುಲಭಕ್ಕೆ ಒಪ್ಪಲಿಲ್ಲ, ಬೆಳಗಿನ ಜಾವ ಮೂರೂವರೆಗೆ ಎದ್ದು ಬರಬೇಕು ಅಂತ ಷರತ್ತು. ಮಗ ಬಂದರು. ಸುಮಾರು ಕಾಲು ಶತಮಾನ, ಅಪ್ಪ ತೀರಿಕೊಳ್ಳುವವರೆಗೂ ಕಲಿತರು. 1976ರಲ್ಲಿ ಚೆನ್ನೈನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಶುರುಮಾಡಿದರು, ರೋಗಿಗಳಿಗೆ ಒಬ್ಬೊಬ್ಬರಿಗೇ ಪಾಠ ಹೇಳುವ ಪದ್ಧತಿ ಅಲ್ಲಿ ಗಟ್ಟಿಯಾಯ್ತು. ದೇಶಿಕಾಚಾರ್ 2016ರಲ್ಲಿ ತೀರಿಕೊಂಡರು.

ಅಪ್ಪನ ಪದ್ಧತಿ ಪರೀಕ್ಷೆಗೂ ಒಳಗಾಯ್ತು. ವಿನಿಯೋಗ ಎಂಬ ಹೆಸರಲ್ಲಿ ಅಮೆರಿಕಕ್ಕೆ ಹೋದ ಈ ನಿಧಾನದ ಯೋಗವನ್ನು ಅಲ್ಲಿನ ಸಂಶೋಧಕರು ದೀರ್ಘಕಾಲದ ಸೊಂಟನೋವಿನ 101 ಜನರ ಮೇಲೆ 12 ವಾರ ನೋಡಿ 2005ರಲ್ಲಿ ಪ್ರಕಟಿಸಿದರು. ಬರೀ ಪುಸ್ತಕ ಓದಿ ತಾವೇ ನೋಡಿಕೊಂಡವರಿಗಿಂತ ಯೋಗ ಮಾಡಿದವರ ಓಡಾಟ, ಕೆಲಸ ಸುಧಾರಿಸಿತ್ತು. ಅದೇ ತಂಡ 2011ರಲ್ಲಿ 228 ಜನರೊಂದಿಗೆ ಮತ್ತೆ ಮಾಡಿತು. ಆಗಲೂ ಯೋಗ ಪುಸ್ತಕಕ್ಕಿಂತ ಮೇಲು, ಆದರೆ ಚೆನ್ನಾಗಿ ಹೇಳಿಕೊಟ್ಟ ಸ್ಟ್ರೆಚಿಂಗ್ ಕ್ಲಾಸಿಗಿಂತ ಮೇಲೇನೂ ಅಲ್ಲ. ನನಗೆ ಈ ಎರಡನೇ ಫಲಿತಾಂಶವೇ ಹೆಚ್ಚು ಇಷ್ಟ. ಮಂತ್ರ ಇಲ್ಲ, ಮಾಯ ಇಲ್ಲ. ಮೈಯನ್ನು ಹದವಾಗಿ, ಬಿಡದೆ ಆಡಿಸಿದರೆ ಉಪಯೋಗ ಇದೆ.

ಫೈಬ್ರೊಮಯಾಲ್ಜಿಯಾಕ್ಕೇ ಬಂದರೆ, 2010ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಈ ಕಾಯಿಲೆಯ 53 ಮಹಿಳೆಯರ ಮೇಲೆ ಎಂಟು ವಾರದ ಒಂದು ಪ್ರಯೋಗ ನಡೆಯಿತು. ಮೃದು ಆಸನ, ಉಸಿರು, ಧ್ಯಾನ, ಜೊತೆಗೆ ನೋವಿನೊಂದಿಗೆ ದಿನ ಕಳೆಯುವುದು ಹೇಗೆ ಅಂತ ಕೂತು ಮಾತಾಡುವುದು. ಕಾಯುವ ಪಟ್ಟಿಯಲ್ಲಿದ್ದವರಿಗಿಂತ ಇವರಿಗೆ ನೋವು, ಸುಸ್ತು ಎರಡೂ ಕಮ್ಮಿಯಾದವು. ಸಣ್ಣ ಪ್ರಯೋಗ, ನಿಜ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2017ರಲ್ಲಿ ಪ್ರಕಟಿಸಿದ ಶಿಫಾರಸಿನಲ್ಲಿ ಚಿಕಿತ್ಸೆ ಔಷಧೇತರ ಕ್ರಮಗಳಿಂದ ಶುರುವಾಗಬೇಕು ಅಂತ ಹೇಳಿದೆ, ಅದರಲ್ಲಿ ಬಲವಾದ ಶಿಫಾರಸು ಸಿಕ್ಕಿದ್ದು ವ್ಯಾಯಾಮ ಒಂದಕ್ಕೇ. ಯೋಗ, ತೈ ಚಿ, ಮನಸ್ಸಿನ ಆಪ್ತಸಲಹೆ, ಬಿಸಿನೀರಿನ ಚಿಕಿತ್ಸೆ ಇವಕ್ಕೆ ಅದಕ್ಕಿಂತ ಸೌಮ್ಯವಾದ ಒಪ್ಪಿಗೆ.

ಯಾಕೆ ಉಪಯೋಗ ಅನ್ನೋದನ್ನು ಮತ್ತೆ ನಮ್ಮ ಭಾಷೆಯಲ್ಲೇ ಹೇಳ್ತೀನಿ. ಉಸಿರನ್ನು ನಿಧಾನಕ್ಕೆ, ಉದ್ದಕ್ಕೆ ಬಿಟ್ಟಾಗ ಹೃದಯದ ಬಡಿತ ಇಳಿಯುತ್ತೆ. ಮೈಯ ಅಲಾರಂ ವ್ಯವಸ್ಥೆ ಸ್ವಲ್ಪ ಸುಮ್ಮನಾಗುತ್ತೆ, ನಿದ್ದೆಗೆ ದಾರಿಯಾಗುತ್ತೆ. ನಿದ್ದೆ ಕೆಟ್ಟರೆ ನೋವು ಜಾಸ್ತಿ, ನೋವು ಜಾಸ್ತಿಯಾದರೆ ನಿದ್ದೆ ಕೆಡುತ್ತೆ, ಇದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಹೆಸರು ಮಾತ್ರ ಪಾಸಿಟಿವ್! ಇನ್ನೊಂದು ಲೂಪ್ ನಮ್ಮ ಮನೆಯಲ್ಲೇ ಕಂಡದ್ದು. ನೋವು ಕಮ್ಮಿ ಇದ್ದ ದಿನ ಅಮ್ಮ ಹಬ್ಬದ ಕ್ಲೀನಿಂಗ್ ಅಂತ ಇಡೀ ಮನೆ ತೊಳೆದು ಹಾಕ್ತಿದ್ದಳು, ಮಾರನೇ ದಿನದಿಂದ ವಾರ ಮಲಗ್ತಿದ್ದಳು. ಮಲಗಿ ಮಲಗಿ ಸ್ನಾಯು ಸೋತು, ಮುಂದಿನ ಸಲ ಅರ್ಧ ಮನೆಗೇ ಸುಸ್ತು. ಇದಕ್ಕೆ ಮದ್ದು, ಒಳ್ಳೆಯ ದಿನವೂ ಅಳತೆ ಮೀರದಿರುವುದು, ಕೆಟ್ಟ ದಿನವೂ ಪೂರ್ತಿ ಬಿಡದಿರುವುದು. ಆರು ಸಲ ಅಂದರೆ ಆರೇ ಸಲ. ಹದಿನೈದು ದಿನಕ್ಕೆ ಏಳು. ಮಾತ್ರೆ ಕಮ್ಮಿ ಮಾಡುವುದು ಬಿಡುವುದು ಡಾಕ್ಟರ ಲೆಕ್ಕ, ಅದರಲ್ಲಿ ಯೋಗದ ಟೀಚರ್ ಕೈಹಾಕಲಿಲ್ಲ.

ಸಿಟ್ಟಿನ ಮೇಷ್ಟ್ರು ಮೃದುವಾದದ್ದು ಮುಪ್ಪಿನಿಂದಲೋ, ಅರಮನೆಯ ಆಸರೆ ತಪ್ಪಿದ್ದರಿಂದಲೋ, ಎದುರಿಗೆ ಬಂದ ರೋಗಿಗಳಿಂದಲೋ ಅಂತ ಬರೆದವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನ್ನ ವೋಟು ರೋಗಿಗಳಿಗೆ. ಕೊನೆಗೆ ಅವರೇ ರೋಗಿಯೂ ಆದರು. 96ನೇ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ ಬೇಡ ಅಂದರು. ಹಾಸಿಗೆಯಲ್ಲಿ ಮಲಗಿಕೊಂಡೇ ಮಾಡಬಹುದಾದ ಚಲನೆಗಳನ್ನು ತಮಗೆ ತಾವೇ ಜೋಡಿಸಿಕೊಂಡರು. ಇದನ್ನು ಯಾರೂ ಅನುಕರಿಸಬೇಡಿ, ಮೂಳೆ ಮುರಿದರೆ ಆಸ್ಪತ್ರೆಗೆ ಹೋಗಿ. ಆದರೆ ಆ ವಯಸ್ಸಲ್ಲಿ ತನ್ನ ಮೈಗೆ ಎಷ್ಟು ಸಾಕು ಅಂತ ಕೂತು ಲೆಕ್ಕ ಹಾಕಿದ ಮನುಷ್ಯ, ಅರ್ಧ ಶತಮಾನದ ಹಿಂದೆ ಭಾಮೈದನ ತೊಡೆಯ ಲೆಕ್ಕ ಹಾಕದೇ ಹೋದವರು.

1988ರಲ್ಲಿ ನೂರು ತುಂಬಿತು, ಶಿಷ್ಯರು ಸಂಭ್ರಮ ಮಾಡಿದರು. ಇಡೀ ಜಗತ್ತಿಗೆ ಶಿಷ್ಯರನ್ನು ಕೊಟ್ಟವರು ತಾವು ಮಾತ್ರ ಕಡಲು ದಾಟಿ ಕಲಿಸಲು ಹೋಗಲೇ ಇಲ್ಲ. 1989ರ ಫೆಬ್ರವರಿ 28ರಂದು ಚೆನ್ನೈನಲ್ಲಿ ತೀರಿಕೊಂಡರು. ಫೈಬ್ರೊಮಯಾಲ್ಜಿಯಾವನ್ನು ಗುರುತಿಸಲು ಮೈಮೇಲಿನ ಹದಿನೆಂಟು ಬಿಂದುಗಳನ್ನು ಒತ್ತಿ ನೋಡುವ ನಿಯಮ ಅಮೆರಿಕದ ವೈದ್ಯರು ರೂಪಿಸಿದ್ದು ಅದರ ಮರುವರ್ಷ, 1990ರಲ್ಲಿ.

ಅಮ್ಮನಿಗೆ ಈ ಕತೆಯೆಲ್ಲ ಹೇಳಿದೆ. ಹನುಮಾನಾಸನದ ಭಾಗ ಕೇಳಿ ಅಯ್ಯೋ ಪಾಪ ಆ ಹುಡುಗ ಅಂದಳು, ನ್ಯೂಜಿಲೆಂಡಿನ ಹೆಂಗಸಿನ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು. ನೋವು ಹೋಗಿಲ್ಲ. ವಾರಕ್ಕೆ ಮೂರು ದಿನ ಕುಂದವಾಡ ಕೆರೆಯ ಹತ್ತಿರ ಸ್ಕೂಟರಿನಲ್ಲಿ ಬಿಟ್ಟು ಬರ್ತೀನಿ, ಇಪ್ಪತ್ತು ನಿಮಿಷ ನಡೀತಾಳೆ. ಮಿಕ್ಕ ದಿನ ಬೆಳಿಗ್ಗೆ ಹಾಲಿನವನು ಬರುವ ಮೊದಲು ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂರ್ತಾಳೆ. ಈಗ ಒಂಬತ್ತು ಸಲಕ್ಕೆ ಬಂದಿದೆ. ಒಮ್ಮೆ ನಾನು ಪಕ್ಕದಲ್ಲಿ ಕೂತು ಎಣಿಸಿಕೊಡೋಕೆ ಹೋದೆ. ಬಹಳ ಬೇಗ ಎಣಿಸ್ತೀಯ ಅಂತ ಎಬ್ಬಿಸಿ ಕಳಿಸಿದಳು.